ಬೆಟ್ಟದ ನೀರಿಗೆ ಒಡೆಯರು ಯಾರು?



ನೀವು ದಿನಕ್ಕೆ ಐದು ಬಾರಿ ವುಝೂ ಮಾಡುತ್ತೀರಿ. ನಲ್ಲಿ ತಿರುಗಿಸಿ, ಬೊಗಸೆ ತುಂಬ ನೀರು ಹಿಡಿದು ಮುಖಕ್ಕೆ ಹಾಕಿಕೊಳ್ಳುತ್ತೀರಿ. ಆ ನೀರು ಹೇಗಿರಬೇಕೆಂಬುದನ್ನು ನಾವೆಲ್ಲ ಚಿಕ್ಕಂದಿನಲ್ಲೇ ಮದ್ರಸದಲ್ಲಿ ಕಲಿತಿದ್ದೇವೆ. ಅದರ ಬಣ್ಣ ಕೆಟ್ಟಿರಬಾರದು, ವಾಸನೆ ಕೆಟ್ಟಿರಬಾರದು, ರುಚಿ ಕೆಟ್ಟಿರಬಾರದು. ಇದರ ಜೊತೆಗೆ ಇನ್ನೊಂದು ಮಾತೂ ಇದೆ. ಅದು ಇನ್ನೊಬ್ಬರಿಂದ ಕಿತ್ತುಕೊಂಡ ನೀರಾಗಿರಬಾರದು. ಅನ್ಯರ ಹಕ್ಕಿನ ನೀರನ್ನು ಕಸಿದು ವುಝೂ ಮಾಡುವುದು ಪಾಪವೆಂಬುದರಲ್ಲಿ ಫಕೀಹರಿಗೆ ಭಿನ್ನಾಭಿಪ್ರಾಯವಿಲ್ಲ. ಕೆಲವರಂತೂ ಅಂತಹ ವುಝೂ ಸಿಂಧುವೇ ಅಲ್ಲ ಎಂದಿದ್ದಾರೆ.

ಮೊದಲಿನ ಮೂರನ್ನು ಕಣ್ಣು, ಮೂಗು, ನಾಲಗೆಗಳಿಂದ ಪರೀಕ್ಷಿಸಬಹುದು. ನಾಲ್ಕನೆಯದನ್ನು ಯಾವುದರಿಂದ ಪರೀಕ್ಷಿಸುವುದು? ನನ್ನ ಹೊಲದಲ್ಲಿ, ನನ್ನ ಹಣದಿಂದ ಕೊರೆಸಿದ ಕೊಳವೆ ಬಾವಿಯ ನೀರು ನನ್ನದೇ ತಾನೇ? ನನ್ನ ಜಮೀನಿನ ಮೇಲೆ ಬಿದ್ದ ಮಳೆ ನನ್ನದೇ ತಾನೇ? ಹಾಗಾದರೆ ಬೆಟ್ಟದ ಮೇಲೆ ಬಿದ್ದ ಮಳೆ ಯಾರದು? ಈ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಇಂದು ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಶಿವಗಂಗೆಯಿಂದ ತಿಪ್ಪಗೊಂಡನಹಳ್ಳಿಯವರೆಗೆ

ಬೆಂಗಳೂರಿನಿಂದ ತುಮಕೂರು ಹೆದ್ದಾರಿಯಲ್ಲಿ ಹೋಗುವವರಿಗೆ ನೆಲಮಂಗಲ ದಾಟಿ ದಾಬಸ್‌ಪೇಟೆ ಹತ್ತಿರವಾಗುತ್ತಿದ್ದಂತೆ ಎಡಗಡೆ ಬಂಡೆಗಲ್ಲಿನ ದೊಡ್ಡ ಬೆಟ್ಟವೊಂದು ಕಾಣುತ್ತದೆ. ಅದೇ ಶಿವಗಂಗೆ. ನಮ್ಮ ಹಿಂದೂ ಸಹೋದರರಿಗೆ ಅದು ಯಾತ್ರಾಸ್ಥಳ. ದಕ್ಷಿಣಕಾಶಿ ಎಂದು ಕರೆಯುತ್ತಾರೆ. ಒಳಕಲ್ ತೀರ್ಥ, ಪಾತಾಳಗಂಗೆ, ಅಂತರಗಂಗೆ ಎಂದು ಅಲ್ಲಿ ಹೆಸರಾದ ತಾಣಗಳೆಲ್ಲ ನೀರಿನ ಹೆಸರುಗಳೇ. ಬೆಟ್ಟದ ಹೆಸರಿನಲ್ಲೇ ಗಂಗೆ ಇದ್ದಾಳೆ. ಒಣಸೀಮೆಯ ಜನ ಈ ಬೆಟ್ಟವನ್ನು ನೀರಿನ ತಾಣವೆಂದೇ ಗುರುತಿಸಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಬೆಟ್ಟದ ಸಾಲಿನಲ್ಲಿ ಕುಮುದ್ವತಿ ಎಂಬ ಚಿಕ್ಕ ನದಿ ಹುಟ್ಟುತ್ತದೆ. ನೆಲಮಂಗಲ, ಮಾಗಡಿ ತಾಲೂಕುಗಳ ಕೆರೆಗಳನ್ನು ತುಂಬಿಸುತ್ತ ಹೋಗಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಹುಟ್ಟುವುದು ನಂದಿ ಬೆಟ್ಟದಲ್ಲಿ. ಈ ಎರಡು ಬೆಟ್ಟಗಳ ನೀರು ಕೂಡುವಲ್ಲಿ 1933ರಲ್ಲಿ ಜಲಾಶಯವೊಂದು ಸಿದ್ಧವಾಯಿತು. ಅದೇ ಚಾಮರಾಜಸಾಗರ. ಕಾವೇರಿಯ ನೀರು ಬರುವುದಕ್ಕೆ ಮುಂಚೆ ಬೆಂಗಳೂರಿನ ಬಾಯಾರಿಕೆಯನ್ನು ಇಂಗಿಸಿದ್ದು ಇದೇ ಅರ್ಕಾವತಿಯ ನೀರು. ಶಿವಾಜಿನಗರದ, ಕಲಾಸಿಪಾಳ್ಯದ ನಮ್ಮ ಹಿರಿಯರು ಕುಡಿದು, ವುಝೂ ಮಾಡಿ, ಮಯ್ಯಿತ್‌ಗೆ ಗುಸ್ಲ್ ಮಾಡಿಸಿದ ನೀರಿನಲ್ಲಿ ಈ ಬೆಟ್ಟಗಳ ಪಾಲೂ ಇತ್ತು.

ಇಂದು ಕುಮುದ್ವತಿಯನ್ನು ನೋಡಲು ಹೋದರೆ ಬಹುಪಾಲು ತಿಂಗಳು ಮರಳು ಬಗೆದ ಹಳ್ಳ ಮಾತ್ರ ಸಿಗುತ್ತದೆ. ಜಲಾಶಯಕ್ಕೆ ಬರುವ ನೀರು ದಶಕದಿಂದ ದಶಕಕ್ಕೆ ಕಡಿಮೆಯಾಯಿತು. ಬಂದ ನೀರಿಗೂ ಕೊಳಕು ಸೇರಿತು. 2003ರಲ್ಲಿ ಸರಕಾರ ಜಲಾನಯನ ಪ್ರದೇಶದ ರಕ್ಷಣೆಗೆಂದು ಅಧಿಸೂಚನೆ ಹೊರಡಿಸಿತು. ಆದರೂ 2012ರ ಹೊತ್ತಿಗೆ ಅಲ್ಲಿಂದ ನಗರಕ್ಕೆ ನೀರೆತ್ತುವುದು ನಿಂತಿತು. ಮಳೆ ಕಡಿಮೆಯಾಯಿತೇ? ಅರ್ಕಾವತಿ ಏಕೆ ಒಣಗುತ್ತಿದೆ ಎಂದು ವಿಜ್ಞಾನಿಗಳು ಶೋಧಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಹಾಗೆ ಹೇಳುವುದಿಲ್ಲ. ಮಳೆಯಲ್ಲಾಗಲಿ ಬಿಸಿಲಿನಲ್ಲಾಗಲಿ ಆದ ಬದಲಾವಣೆಯಿಂದ ಈ ಇಳಿತವನ್ನು ವಿವರಿಸಲಾಗದು. ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದು ಮತ್ತು ನೀಲಗಿರಿ ನೆಡುತೋಪುಗಳು ಮುಖ್ಯ ಕಾರಣವೆಂದು ಅವರು ಕಂಡುಕೊಂಡರು. ಅಂದರೆ ಆಕಾಶ ತನ್ನ ಕೆಲಸವನ್ನು ಮಾಡುತ್ತಲೇ ಇತ್ತು. ನೆಲದ ಮೇಲಿದ್ದ ನಾವು ನಮ್ಮ ಕೆಲಸ ಮಾಡಲಿಲ್ಲ.

ಬೆಟ್ಟ ನೀರನ್ನು ಕಾಯುವ ಬಗೆ

ಪವಿತ್ರ ಕುರ್‌ಆನಿನ ಅಲ್ ಮುರ್ಸಲಾತ್ ಅಧ್ಯಾಯದಲ್ಲಿ ಅಲ್ಲಾಹನು ಒಂದೇ ಸೂಕ್ತದಲ್ಲಿ ಎರಡು ಅನುಗ್ರಹಗಳನ್ನು ಜೋಡಿಸಿ ನೆನಪಿಸುತ್ತಾನೆ. ಭೂಮಿಯಲ್ಲಿ ಎತ್ತರವಾದ, ಅಚಲವಾದ ಪರ್ವತಗಳನ್ನು ಇಟ್ಟದ್ದು ಮೊದಲನೆಯದು. ಕುಡಿಯಲು ಸಿಹಿನೀರನ್ನು ಕೊಟ್ಟದ್ದು ಎರಡನೆಯದು. ಬಾಲ್ಯದಲ್ಲಿ ಇದನ್ನು ಕಂಠಪಾಠ ಮಾಡುವಾಗ ಪರ್ವತಕ್ಕೂ ಕುಡಿಯುವ ನೀರಿಗೂ ಏನು ಸಂಬಂಧವೆಂದು ನಾನು ಯೋಚಿಸಿರಲಿಲ್ಲ. ಬೆಟ್ಟದ ತಪ್ಪಲಿನಲ್ಲಿ ಹುಟ್ಟಿದವನಿಗೂ ಅದು ಹೊಳೆದಿರಲಿಲ್ಲವೆಂಬುದು ನಾಚಿಕೆಯ ಸಂಗತಿ. ಅಲ್ ಮುಅ್‌ಮಿನೂನ್ ಅಧ್ಯಾಯದಲ್ಲಿ ಇನ್ನೂ ಸ್ಪಷ್ಟವಾದ ಮಾತಿದೆ. ಆಕಾಶದಿಂದ ಅಳತೆಗೆ ತಕ್ಕಂತೆ ನೀರನ್ನಿಳಿಸಿ ಅದನ್ನು ನೆಲದಲ್ಲಿ ನೆಲೆಗೊಳಿಸಿದವನು ತಾನು, ಅದನ್ನು ಕೊಂಡೊಯ್ಯಲೂ ತಾನು ಶಕ್ತನೆಂದು ಸೃಷ್ಟಿಕರ್ತನು ಎಚ್ಚರಿಸುತ್ತಾನೆ.

ನೆಲದಲ್ಲಿ ನೆಲೆಗೊಳಿಸುವುದು ಎಂಬ ಮಾತನ್ನು ಗಮನಿಸಿ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾಗುತ್ತದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 4000 ಲೀಟರ್ ನೀರು. ಲೆಕ್ಕ ಹಾಕಿ ನೋಡಿ, ವರ್ಷಕ್ಕೆ ಎಕರೆಗೆ 32 ಲಕ್ಷ ಲೀಟರ್! ಇಷ್ಟು ನೀರು ಬೋಳು ಬಂಡೆಯ ಮೇಲೆ ಬಿದ್ದರೆ ಅರ್ಧ ಗಂಟೆಯಲ್ಲಿ ಇಳಿದು ಹೋಗುತ್ತದೆ. ಹೋಗುವಾಗ ಮಣ್ಣನ್ನೂ ಹೊತ್ತೊಯ್ದು ಕೆಳಗಿನ ಕೆರೆಯಲ್ಲಿ ಹೂಳು ತುಂಬುತ್ತದೆ. ಅದೇ ಮಳೆ ಕಾಡಿನ ಮೇಲೆ ಬಿದ್ದರೆ ಮೊದಲು ಎಲೆಯ ಮೇಲೆ, ಆಮೇಲೆ ತರಗಿನ ಮೇಲೆ, ಆಮೇಲೆ ಹುಲ್ಲಿನ ಬುಡದಲ್ಲಿ ನಿಂತು ನಿಧಾನವಾಗಿ ಮಣ್ಣಿಗಿಳಿಯುತ್ತದೆ. ಬೇರುಗಳು ಬಿಡಿಸಿದ ದಾರಿಯಲ್ಲಿ ಬಂಡೆಯ ಬಿರುಕು ಸೇರಿ, ತಿಂಗಳುಗಟ್ಟಲೆ ಕಳೆದು ತಪ್ಪಲಿನ ಬಾವಿಯಲ್ಲಿ ಊಟೆಯಾಗಿ ಕಾಣಿಸಿಕೊಳ್ಳುತ್ತದೆ. ಜೂನಿನ ಮಳೆಯನ್ನು ಮಾರ್ಚಿಗೆ ತಲುಪಿಸುವ ಉಗ್ರಾಣ ಈ ಕಾಡು.

ಶಿವಗಂಗೆಯಂತಹ ಬೆಟ್ಟದ ಮೂಲ ಕಾಡು ಮಲೆನಾಡಿನ ಕಾಡಿನಂತೆ ಮುಗಿಲು ಮುಟ್ಟುವುದಲ್ಲ. ದಿಂಡುಗ, ಕಗ್ಗಲಿ, ಮುತ್ತುಗ, ಬಿಕ್ಕೆ, ಕಾರೆ, ಬಂದಾರೆ ಇಂತಹ ಗಿಡಮರಗಳ ಕುರುಚಲು. ನೋಡಿದವರು ಇದೇನು ಕಾಡು, ಪಾಳುಭೂಮಿ ಎಂದು ಬಿಡುತ್ತಾರೆ. ಆದರೆ ಇದರ ಮಿತವ್ಯಯವನ್ನು ಗಮನಿಸಬೇಕು. ಬೇಸಿಗೆ ಬಂದೊಡನೆ ಇಲ್ಲಿನ ಹೆಚ್ಚಿನ ಮರಗಳು ಎಲೆ ಉದುರಿಸಿ ನಿಲ್ಲುತ್ತವೆ. ಮರಗಳೂ ನೀರು ಕುಡಿಯುತ್ತವೆ, ನಿಜ. ಆದರೆ ಈ ಮರಗಳು ಬರಗಾಲದಲ್ಲಿ ಅರೆಹೊಟ್ಟೆ ಉಣ್ಣುವ ಗೃಹಸ್ಥನಂತೆ ತಮ್ಮ ಖರ್ಚನ್ನು ತಾವೇ ಇಳಿಸಿಕೊಳ್ಳುತ್ತವೆ. ನೀಲಗಿರಿ ಹಾಗಲ್ಲ. ವರ್ಷವಿಡೀ ಹಸಿರಾಗಿದ್ದು, ಆಳದವರೆಗೆ ಬೇರಿಳಿಸಿ ಹೀರುತ್ತದೆ. ನಮ್ಮದೇ ಜಿಲ್ಲೆಯ ಹೊಸಕೋಟೆಯಲ್ಲಿ ನಡೆದು 1997ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಆಳವಾದ ಮಣ್ಣಿನಲ್ಲಿ ಬೆಳೆದ ನೀಲಗಿರಿ ಆ ವರ್ಷಗಳಲ್ಲಿ ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಬಳಸಿತೆಂದು ತೋರಿಸಿತು. ಅಂದರೆ ಆದಾಯ ಮುಗಿಸಿ ಹಿಂದಿನವರು ಕೂಡಿಟ್ಟ ಗಂಟಿಗೂ ಕೈ ಹಾಕಿತ್ತು.

ನಮ್ಮ ಮನೆಯ ಎರಡು ಎಕರೆ

ಇಷ್ಟನ್ನು ಹೇಳಿ ಊರವರ ಮೇಲೆ ತಪ್ಪು ಹೊರಿಸಿ ಲೇಖನ ಮುಗಿಸುವುದು ಸುಲಭ. ಆದರೆ ನನ್ನ ಮನೆಯ ಮಾತನ್ನೇ ಹೇಳದೆ ನಿಮಗೆ ಉಪದೇಶ ಮಾಡುವ ಅಧಿಕಾರ ನನಗಿಲ್ಲ.

ಬೆಟ್ಟದ ತಪ್ಪಲಿನ ಹಳ್ಳಿಯೊಂದರಲ್ಲಿ ನಮಗೆ ಎರಡು ಎಕರೆ ಖುಷ್ಕಿ ಜಮೀನಿದೆ. ದಾದಾ ಅದರಲ್ಲಿ ರಾಗಿ, ಅವರೆ, ಹುಚ್ಚೆಳ್ಳು ಬೆಳೆಯುತ್ತಿದ್ದರು. ನಾನು ಚಿಕ್ಕವನಿದ್ದಾಗ ಅಬ್ಬಾ ನೀಲಗಿರಿ ನೆಟ್ಟರು. ಆಗ ಸುತ್ತಮುತ್ತ ಎಲ್ಲರೂ ಅದನ್ನೇ ನೆಡುತ್ತಿದ್ದರು. ಕಳೆ ಕೀಳಬೇಕಿಲ್ಲ, ಕಾಯಬೇಕಿಲ್ಲ, ಐದಾರು ವರ್ಷಕ್ಕೊಮ್ಮೆ ಲಾರಿ ಬಂದು ಮರ ಹೇರಿಕೊಂಡು ಹೋಗುತ್ತದೆ. ಕಡಿದ ಬುಡದಿಂದ ಮತ್ತೆ ಚಿಗುರುತ್ತದೆ. ಮೊದಲ ಕಟಾವಿನ ಹಣದಲ್ಲಿ ನಾನು ಮದ್ರಸಕ್ಕೆ ಸೇರಿದೆ. ಮುಂದಿನ ಕಟಾವುಗಳಲ್ಲಿ ನನ್ನ ಬಿ.ಎ. ಮುಗಿಯಿತು, ತಂಗಿಯ ನಿಕಾಹ್ ಆಯಿತು. ನಾನು ಕಲಿತ ಅರಬಿಯೂ ಕನ್ನಡವೂ ಆ ಮರಗಳ ಋಣದಲ್ಲಿವೆ. ಆದ್ದರಿಂದ ನೀಲಗಿರಿಯನ್ನು ಬೈಯುವಾಗ ನನ್ನ ನಾಲಗೆ ತಡವರಿಸುತ್ತದೆ.

ನಮ್ಮ ಹೊಲದ ಪಕ್ಕದಲ್ಲಿ ಒಬ್ಬ ಅಜ್ಜಿಯ ಹೊಲ. ಅದರಲ್ಲಿ ಕಲ್ಲು ಕಟ್ಟಿದ ಮೆಟ್ಟಿಲ ಬಾವಿಯಿತ್ತು. ರಮಝಾನ್ ಬೇಸಿಗೆಯಲ್ಲಿ ಬಂದ ವರ್ಷಗಳಲ್ಲೂ, ಚಳಿಯಲ್ಲಿ ಬಂದ ವರ್ಷಗಳಲ್ಲೂ ಇಫ್ತಾರಿಗೆ ನಮ್ಮ ಮನೆಗೆ ಆ ಬಾವಿಯಿಂದಲೇ ನೀರು. ಅಮ್ಮಿ ಬಿಂದಿಗೆ ಹಿಡಿದು ಹೋದರೆ ಅಜ್ಜಿ ಒಂದು ದಿನವೂ ಬೇಡವೆಂದವರಲ್ಲ. ನಮ್ಮ ಮರಗಳು ಎರಡನೆಯ ಬಾರಿ ಚಿಗುರುವ ಹೊತ್ತಿಗೆ ಬಾವಿಯ ನೀರು ಕೊನೆಯ ಮೆಟ್ಟಿಲಿಗೆ ಇಳಿದಿತ್ತು. ಇನ್ನೆರಡು ಬೇಸಿಗೆಯಲ್ಲಿ ತಳದ ಬಂಡೆ ಕಂಡಿತು. ಒಂದು ಸಂಜೆ ಅಜ್ಜಿ ಬದುವಿನ ಮೇಲೆ ನಿಂತು ಅಬ್ಬಾಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ: “ನಿಮ್ಮ ಮರ ಚೆನ್ನಾಗಿ ಬಂದವೆ ಸಾಬ್ರೆ. ನನ್ನ ಬಾವಿ ಮಾತ್ರ ಯಾಕೋ ಮುನಿಸ್ಕೊಂಡದೆ.”

ಅದರಲ್ಲಿ ದೂರಿರಲಿಲ್ಲ. ಅಬ್ಬಾ ಉತ್ತರವನ್ನೂ ಕೊಡಲಿಲ್ಲ. ಇಂದು ಅವರಿಬ್ಬರೂ ಇಲ್ಲ. ಎರಡು ಎಕರೆ ನನ್ನ ಮತ್ತು ಚಾಚಾರ ಕೈಗೆ ಬಂದಿದೆ. ಹಳೆಯ ಬುಡಗಳನ್ನು ಹಾಗೇ ಚಿಗುರಲು ಬಿಡುವುದೇ? ಕಲ್ಲು ಒಡೆಯುವವರು ಕೇಳುತ್ತಿದ್ದಾರೆ, ಅವರಿಗೆ ಕೊಡುವುದೇ? ಸಾವಿರ ಅಡಿ ಕೊಳವೆ ಬಾವಿ ಕೊರೆಸಿ ತೋಟ ಮಾಡುವುದೇ? ನಮ್ಮ ಮನೆಯಲ್ಲಿ ಈ ಚರ್ಚೆ ಎರಡು ವರ್ಷ ನಡೆಯಿತು.

ಪಾಪವನ್ನು ಪಾಲು ಹಾಕಬಹುದೇ?

ಚಾಚಾ ಕೇಳಿದ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. “ಇಡೀ ತಾಲೂಕೇ ನೀಲಗಿರಿ ನೆಟ್ಟಿತು. ಸುತ್ತ ನೂರು ಬೋರ್‌ವೆಲ್ ಇವೆ. ಬೆಟ್ಟದ ಕಾಡು ಕಡಿದವರು ನಾವಲ್ಲ. ನಮ್ಮ ಎರಡು ಎಕರೆಯಿಂದಲೇ ಆ ಬಾವಿ ಬತ್ತಿತೆಂದು ಯಾವ ಕಾಝಿ ತೀರ್ಪು ಕೊಡುತ್ತಾನೆ ಬೇಟಾ?”

ಅವರು ಹೇಳಿದ್ದು ನಿಜ. ಯಾವ ಕಾಝಿಯೂ ಹಾಗೆ ತೀರ್ಪು ಕೊಡಲಾರ. ಬೆಟ್ಟ ಬೋಳಾದದ್ದು ಒಬ್ಬನ ಕೊಡಲಿಯಿಂದಲ್ಲ. ಒಂದು ಹೊರೆ ಸೌದೆ, ಒಂದು ಬಂಡೆ, ಒಂದು ಬೇಸಿಗೆಯ ಬೆಂಕಿ, ಒಂದು ಕೊಳವೆ ಬಾವಿ. ಪ್ರತಿಯೊಂದೂ ತನ್ನಷ್ಟಕ್ಕೆ ಸಣ್ಣದು. ಇಲ್ಲಿ ಕಳ್ಳನಿಲ್ಲ, ಆದರೆ ಕಳವಾಗಿದೆ. ನಮ್ಮ ಕಾಲದ ದೊಡ್ಡ ಅನ್ಯಾಯಗಳು ಹೆಚ್ಚಾಗಿ ಈ ಬಗೆಯವು.

ಆದರೆ ಮದ್ರಸದಲ್ಲಿ ಮೀರಾಸಿನ ಲೆಕ್ಕ ಕಲಿಸುವ ನನಗೆ ಒಂದು ವ್ಯತ್ಯಾಸ ಹೊಳೆಯುತ್ತದೆ. ಆಸ್ತಿಯನ್ನು ಹಂಚುವಾಗ ವಾರಸುದಾರರು ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಕಿರಿದಾಗುತ್ತದೆ. ಪಾಪದ ಲೆಕ್ಕ ಹಾಗಲ್ಲ. ಕೆಟ್ಟ ರೂಢಿಯೊಂದನ್ನು ಆರಂಭಿಸಿದವನಿಗೆ ಅದರ ಹೊರೆಯೂ, ಅದನ್ನು ಅನುಸರಿಸಿದವರ ಹೊರೆಯೂ ಇದೆ, ಆದರೆ ಅನುಸರಿಸಿದವರ ಹೊರೆಯಲ್ಲಿ ಏನೂ ಕಡಿಮೆಯಾಗುವುದಿಲ್ಲವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದನ್ನು ಇಮಾಮ್ ಮುಸ್ಲಿಮ್ ವರದಿ ಮಾಡಿದ್ದಾರೆ. ನೂರು ಜನ ಸೇರಿ ಮಾಡಿದ್ದರಿಂದ ತಪ್ಪು ನೂರರಲ್ಲೊಂದು ಪಾಲಾಗುವುದಿಲ್ಲ. ಅಣುವಿನಷ್ಟು ಒಳಿತನ್ನೂ ಅಣುವಿನಷ್ಟು ಕೆಡುಕನ್ನೂ ಮನುಷ್ಯ ಅಂದು ಕಾಣುವನೆಂಬ ಅಝ್ಝಲ್‌ಝಾಲ್ ಅಧ್ಯಾಯದ ಎಚ್ಚರಿಕೆ ಇಂತಹ ಸಣ್ಣ ಸಣ್ಣ ಪಾಲುಗಳ ಬಗ್ಗೆಯೇ ಅಲ್ಲವೇ?

ಇನ್ನೂ ಒಂದು ಮಾತು. ಮರ ಮಾರಿದ ಹಣ ನಮ್ಮ ಮನೆಗೆ ಇಡಿಯಾಗಿ ಬಂತು. ಅದನ್ನು ನಾವು ತಾಲೂಕಿನವರ ಜೊತೆ ಹಂಚಿಕೊಳ್ಳಲಿಲ್ಲ. ಹೊಣೆ ಬಂದಾಗ ಮಾತ್ರ ಇಡೀ ತಾಲೂಕನ್ನು ಪಾಲಿಗೆ ಕರೆಯುವುದು ಯಾವ ನ್ಯಾಯ?

ಹಾಗೆಂದು ಅಬ್ಬಾರನ್ನು ನಾನು ಅಪರಾಧಿಯೆನ್ನಲಾರೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿಯನ್ನು ನೆಡಿರೆಂದು ಪ್ರೋತ್ಸಾಹಿಸಿದ್ದು ಸರಕಾರವೇ. 2017ರಲ್ಲಿ ಹೊಸದಾಗಿ ನೆಡಬಾರದೆಂದು ನಿಷೇಧಿಸಿದ್ದೂ ಸರಕಾರವೇ. ಆ ಮರವನ್ನು ಈ ನಾಡಿನಲ್ಲಿ ಮೊದಲು ನಂದಿ ಬೆಟ್ಟದ ತೋಟದಲ್ಲಿ ನೆಡಿಸಿದವರು ಟಿಪ್ಪು ಸುಲ್ತಾನರು ಎಂಬ ಪ್ರತೀತಿಯೂ ಇದೆ. ತೋಟದಲ್ಲಿ ಕುತೂಹಲಕ್ಕೆ ಬೆಳೆದ ಮರ ತಾಲೂಕನ್ನೇ ಆವರಿಸಬಹುದೆಂದು ಅಂದು ಯಾರು ತಿಳಿದಿದ್ದರು? ತಿಳಿಯದೆ ಮಾಡಿದ್ದಕ್ಕೆ ಅಲ್ಲಾಹನ ಬಳಿ ಕ್ಷಮೆಯಿದೆ. ಆದರೆ ತಿಳಿದ ಮೇಲೂ ಹಾಗೆಯೇ ಮುಂದುವರಿಸಿದರೆ ಅಬ್ಬಾರ ನೆಪ ನನಗೆ ಸಿಗದು. ಹುಕೂಕುಲ್ ಇಬಾದ್, ಅಂದರೆ ಮನುಷ್ಯರ ಹಕ್ಕು, ಆ ಮನುಷ್ಯ ಕ್ಷಮಿಸದೆ ತೀರುವುದಿಲ್ಲ. ಅವನಿಲ್ಲದಿದ್ದರೆ ಅವನ ವಾರಸುದಾರರಿಗೆ ಸಲ್ಲಬೇಕು. ಅಜ್ಜಿಯ ಮೊಮ್ಮಗ ಇಂದಿಗೂ ಪಕ್ಕದ ಹೊಲದಲ್ಲೇ ಇದ್ದಾನೆ.

ಹಡಗಿನ ಕೆಳ ಅಂತಸ್ತು

ಇಮಾಮ್ ಬುಖಾರಿಯವರು ವರದಿ ಮಾಡಿರುವ ಒಂದು ಉಪಮೆಯನ್ನು ನೀವು ಅನೇಕ ಬಾರಿ ಕೇಳಿರುತ್ತೀರಿ. ಜನರು ಹಡಗೊಂದರಲ್ಲಿ ಚೀಟಿ ಎತ್ತಿ ಸ್ಥಳ ಹಂಚಿಕೊಂಡರು. ಕೆಲವರಿಗೆ ಮೇಲಿನ ಅಂತಸ್ತು, ಕೆಲವರಿಗೆ ಕೆಳಗಿನದು. ಕೆಳಗಿನವರು ನೀರಿಗಾಗಿ ಮೇಲಿನವರನ್ನು ದಾಟಿ ಹೋಗಬೇಕಿತ್ತು. ಮೇಲಿನವರಿಗೆ ತೊಂದರೆ ಕೊಡುವುದೇಕೆ, ನಮ್ಮ ಪಾಲಿನಲ್ಲೇ ಒಂದು ತೂತು ಕೊರೆದುಕೊಳ್ಳೋಣವೆಂದು ಅವರು ಯೋಚಿಸಿದರು. ಅವರನ್ನು ಹಾಗೆಯೇ ಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ ಎಂದರು ಪ್ರವಾದಿವರ್ಯರು(ಸ).

ಈ ಉಪಮೆಯನ್ನು ನಾವು ಸಾಮಾನ್ಯವಾಗಿ ಕೆಡುಕನ್ನು ತಡೆಯುವ ಕರ್ತವ್ಯದ ಬಗ್ಗೆ ಹೇಳುವಾಗ ಬಳಸುತ್ತೇವೆ. ಅದು ಸರಿಯೇ. ಆದರೆ ಇನ್ನೊಮ್ಮೆ ನೋಡಿ. ತೂತು ಕೊರೆಯ ಹೊರಟವರು ದುಷ್ಟರಲ್ಲ. ಅವರಿಗೆ ಬೇಕಿದ್ದುದು ಕುಡಿಯುವ ನೀರು. ಅವರ ಉದ್ದೇಶವೂ ನೆರೆಯವರಿಗೆ ತೊಂದರೆ ಕೊಡಬಾರದೆಂಬುದೇ. ಅವರ ತಪ್ಪು ಒಂದೇ. ‘ನಮ್ಮ ಪಾಲು’ ಎಂಬುದು ಉಳಿದವರ ಪಾಲಿನಿಂದ ಬೇರೆಯಾಗಿದೆಯೆಂದು ಅವರು ನಂಬಿದ್ದರು. ಪಹಣಿಯಲ್ಲಿ ಹೊಲಗಳ ನಡುವೆ ಗೆರೆಯಿದೆ, ನೆಲದಡಿಯ ನೀರಿನಲ್ಲಿ ಆ ಗೆರೆಯಿಲ್ಲ. ಸಾವಿರ ಅಡಿ ಕೊರೆಸುವ ನಾವೆಲ್ಲ ಆ ಹಡಗಿನ ಕೆಳ ಅಂತಸ್ತಿನವರೇ. ಬೆಟ್ಟದ ಮೇಲೆ ಬಂಡೆ ಸಿಡಿಸುವವನು ಮೇಲಿನ ಅಂತಸ್ತಿನಿಂದಲೇ ಕೊರೆಯುತ್ತಿದ್ದಾನೆ, ಅಷ್ಟೇ ವ್ಯತ್ಯಾಸ.

ಇಸ್ಲಾಮ್ ನೀರಿನ ಒಡೆತನವನ್ನು ಪೂರ್ತಿ ನಿರಾಕರಿಸುವುದಿಲ್ಲ. ಬಾವಿ ತೋಡಿದವನಿಗೆ ಅದರ ಸುತ್ತ 40 ಮೊಳ ನೆಲದ ಹಕ್ಕನ್ನು ಹದೀಸ್ ಕೊಟ್ಟಿದೆ. ಇನ್ನೊಬ್ಬನು ಪಕ್ಕದಲ್ಲೇ ತೋಡಿ ಅವನ ನೀರನ್ನು ಎಳೆದುಕೊಳ್ಳಬಾರದೆಂದು ಫಕೀಹರು ಇದರಿಂದ ‘ಹರೀಮ್’ ಎಂಬ ನಿಯಮವನ್ನು ಬೆಳೆಸಿದರು. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ಕೊರೆಯಬಾರದೆಂದು ನಮ್ಮ ರಾಜ್ಯದ 1999ರ ಕಾನೂನು ಹೇಳುವುದೂ ಇದೇ ನ್ಯಾಯವನ್ನು. ಆದರೆ ಈ ಹಕ್ಕಿನ ಮೇಲೆ ಇನ್ನೊಂದು ಮಾತಿದೆ. ನೀರು, ಹುಲ್ಲುಗಾವಲು, ಬೆಂಕಿ ಈ ಮೂರರಲ್ಲಿ ಜನರು ಪಾಲುದಾರರೆಂದು ಪ್ರವಾದಿವರ್ಯರು(ಸ) ಸಾರಿದ್ದಾರೆ. ಝುಬೈರ್(ರ) ಮತ್ತು ಅನ್ಸಾರಿ ಸಹಾಬಿಯೊಬ್ಬರ ನಡುವೆ ಕಾಲುವೆಯ ನೀರಿನ ವ್ಯಾಜ್ಯ ಬಂದಾಗ, ಮೇಲಿನ ಹೊಲದವರಾದ ಝುಬೈರ್‌ಗೆ ಪ್ರವಾದಿವರ್ಯರು(ಸ) ಮೊದಲು ಕೊಟ್ಟ ಸಲಹೆ, ನಿಮ್ಮ ಹೊಲಕ್ಕೆ ಹಾಯಿಸಿಕೊಂಡು ಬಳಿಕ ನೆರೆಯವನಿಗೆ ಬಿಡಿ ಎಂಬುದು. ಮೇಲಿದ್ದವನಿಗೆ ಸರದಿ ಮೊದಲು, ನಿಜ. ಆದರೆ ಅವನು ಕೆಳಗಿನವನಿಗೆ ನೀರನ್ನು ಬಿಡಬೇಕಾದವನು. ನಾನು ಕೇಳಿದ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಬೆಟ್ಟದ ನೀರಿಗೆ ಒಡೆಯ ಅಲ್ಲಾಹನು. ಮೇಲಿರುವವರು ಅದರ ಕಾವಲುಗಾರರು. ಕೆಳಗಿರುವವರು, ಇನ್ನೂ ಹುಟ್ಟದವರೂ ಸೇರಿ, ಅದರ ಹಕ್ಕುದಾರರು.

ಇನ್ನೊಬ್ಬರ ಬೆಟ್ಟದತ್ತ ಕೈ ಚಾಚುವ ಮುನ್ನ

ನಮ್ಮ ಬೆಟ್ಟಗಳು ಬರಿದಾದ ಮೇಲೆ ನಾವು ಏನು ಮಾಡಿದೆವು? ಬೆಂಗಳೂರು ನೂರು ಕಿಲೋಮೀಟರ್ ದೂರದ ಕಾವೇರಿಯ ನೀರನ್ನು ಎತ್ತರಕ್ಕೆ ಪಂಪ್ ಮಾಡಿ ತಂದುಕೊಂಡಿತು. ಆದರೂ 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಟ್ಯಾಂಕರ್‌ಗಳ ಹಿಂದೆ ಓಡಬೇಕಾಯಿತು. ಈಗ ನಮ್ಮ ಒಣ ಜಿಲ್ಲೆಗಳಿಗೆ ಸಕಲೇಶಪುರದ ಕಡೆಯ ಹಳ್ಳಗಳಿಂದ 24 ಟಿಎಂಸಿ ನೀರು ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ಆ ಹಳ್ಳಗಳು ನೇತ್ರಾವತಿಯ ಮೂಲಗಳು. ನೇತ್ರಾವತಿಯ ದಡದ ಬಂಟ್ವಾಳ, ಉಳ್ಳಾಲ, ಮಂಗಳೂರುಗಳಲ್ಲೂ ನದಿಯ ನಡುವಿನ ಕುದ್ರುಗಳಲ್ಲೂ ಇರುವವರು ನಮ್ಮವರೇ. ಅವರ ಆತಂಕ ಸುಳ್ಳಲ್ಲ. ಕೋಲಾರದ ಬಾಯಾರಿಕೆಯೂ ಸುಳ್ಳಲ್ಲ. ಬಾಯಾರಿದವನಿಗೆ ನೀರು ಕೊಡುವುದು ಪುಣ್ಯಕಾರ್ಯ. ಆದರೆ ತನ್ನ ಕೊಡವನ್ನು ತಾನೇ ಒಡೆದುಕೊಂಡು ನೆರೆಯವನ ಕೊಡ ಕೇಳುವವನು, ಕೇಳುವ ಮುನ್ನ ತಲೆ ತಗ್ಗಿಸಬೇಕಲ್ಲವೇ?

ಈ ವಿಷಯದಲ್ಲಿ ದ್ವೀಪದ ಜನರಿಗೆ ನಮಗಿಂತ ಬೇಗ ಬುದ್ಧಿ ಬರುತ್ತದೆ. ಅವರಿಗೆ ಕೈ ಚಾಚಲು ಇನ್ನೊಂದು ಬೆಟ್ಟವಿಲ್ಲ. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಮೋಡವನ್ನು ತಡೆದು, ಪಾಚಿಯಲ್ಲೂ ಜರೀಗಿಡಗಳಲ್ಲೂ ಹನಿ ಹಿಡಿದು ನೆಲಕ್ಕಿಳಿಸುವುದು ಬೆಟ್ಟದ ಮೂಲ ಕಾಡು. 1793ರಲ್ಲಿ ವ್ಯಾಂಕೂವರ್ ಎಂಬ ಬ್ರಿಟಿಷ್ ನಾವಿಕ ಅಲ್ಲಿನ ದೊರೆಗೆ ದನಗಳನ್ನು ಕಾಣಿಕೆ ಕೊಟ್ಟ. ಅವು ಕಾಡು ಸೇರಿ ಬೆಳೆದವು. ನೂರು ವರ್ಷಗಳಲ್ಲಿ ದನ, ಆಡು, ಕೊಡಲಿ ಸೇರಿ ಬೆಟ್ಟಗಳನ್ನು ಬೋಳಾಗಿಸಿದವು. ಕಬ್ಬಿನ ಹೊಲಗಳಿಗೆ ನೀರಿಲ್ಲದಾಗುವ ಭಯ ಬಂದಾಗ ತೋಟದ ಧಣಿಗಳೇ ಕಾಡು ಉಳಿಸಿರೆಂದು ನಿಂತರು. 1903ರಲ್ಲಿ ರಕ್ಷಿತಾರಣ್ಯಗಳಿಗಾಗಿ ಕಾನೂನಾಯಿತು. ಅವಸರದಲ್ಲಿ ಅವರು ನೆಟ್ಟ ಮರಗಳಲ್ಲಿ ನೀಲಗಿರಿಯೂ ಒಂದು! ಬೋಳು ನೆಲ ಮುಚ್ಚಿತು, ಆದರೆ ಹೊರಗಿನ ಮರ ಮೂಲ ಕಾಡಿನ ಸ್ಥಾನ ತುಂಬಲಿಲ್ಲ. ಉಳಿದ ಮೂಲ ಕಾಡಿಗೆ ಬೇಲಿ ಕಟ್ಟಿ ಕಾಯುವ ಕೆಲಸ ಅಲ್ಲಿ ಇಂದಿಗೂ ನಡೆದಿದೆ. ಅವರ ಭಾಷೆಯಲ್ಲಿ ನೀರಿಗೆ ‘ವೈ’ ಎನ್ನುತ್ತಾರೆ. ಅದನ್ನೇ ಎರಡು ಬಾರಿ ಹೇಳಿ ‘ವೈವೈ’ ಎಂದರೆ ಸಂಪತ್ತು.

ಪೂಜಿಸದವನು ಪ್ರೀತಿಸಬಹುದೇ?

ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ್ದುಂಟು: “ಉಸ್ತಾದ್, ಬೆಟ್ಟವನ್ನು ಪವಿತ್ರವೆಂದು ನಂಬುವವರು ಅದನ್ನು ಕಾಯಲಿ. ನಮಗದು ಕಲ್ಲು ಮಣ್ಣು ತಾನೇ?”

ತೌಹೀದ್ ನಮಗೆ ಕಲಿಸುವುದು ಬೆಟ್ಟಕ್ಕೆ ತಲೆಬಾಗಬೇಡವೆಂದು. ಬೆಟ್ಟವನ್ನು ತುಳಿಯೆಂದು ಅಲ್ಲ. ಪ್ರವಾದಿವರ್ಯರು(ಸ) ಉಹುದ್ ಬೆಟ್ಟವನ್ನು ಕಂಡು, ಅದು ನಮ್ಮನ್ನು ಪ್ರೀತಿಸುತ್ತದೆ, ನಾವು ಅದನ್ನು ಪ್ರೀತಿಸುತ್ತೇವೆ ಎಂದರು. ಎಪ್ಪತ್ತು ಮಂದಿ ಪ್ರೀತಿಯ ಸಂಗಾತಿಗಳು ಶಹೀದರಾದ ನೆಲವದು. ವಿಗ್ರಹಾರಾಧನೆಯನ್ನು ಬೇರುಸಹಿತ ಕಿತ್ತವರೇ ಒಂದು ಬೆಟ್ಟಕ್ಕೆ ಪ್ರೀತಿಯನ್ನು ತೋರಿದ್ದಾರೆ. ಏಳು ಆಕಾಶಗಳೂ ಭೂಮಿಯೂ ಅವುಗಳಲ್ಲಿರುವ ಎಲ್ಲವೂ ಅಲ್ಲಾಹನ ಪಾವಿತ್ರ್ಯವನ್ನು ಸಾರುತ್ತವೆ, ಅದು ನಮಗೆ ತಿಳಿಯುವುದಿಲ್ಲವೆಂದು ಕುರ್‌ಆನ್ ಹೇಳುತ್ತದೆ. ಹಾಗಿದ್ದರೆ ದಿಂಡುಗದ ಮರವೂ ತಸ್ಬೀಹ್ ಹೇಳುತ್ತಿದೆ. ತಸ್ಬೀಹ್ ಹೇಳುತ್ತಿರುವವನನ್ನು ಅಗತ್ಯವಿಲ್ಲದೆ ಕೆಡವಲು ಯಾರಿಗೆ ಮನಸ್ಸು ಬಂದೀತು? ನಮ್ಮ ನೆರೆಯವರು ತಮ್ಮ ಶ್ರದ್ಧೆಯಿಂದ ಕಾಯಲಿ, ನಾವು ನಮ್ಮ ಅಮಾನತ್ ಎಂಬ ಕಾರಣಕ್ಕೆ ಕಾಯೋಣ. ಇಬ್ಬರ ಬಾವಿಗೂ ಬರುವ ನೀರು ಒಂದೇ.

ನಮ್ಮ ಪರಂಪರೆಯಲ್ಲಿ ಇದಕ್ಕೆ ‘ಹಿಮಾ’ ಎಂಬ ಏರ್ಪಾಡೇ ಇದೆ. ಸಮುದಾಯದ ಹಿತಕ್ಕಾಗಿ ಮೀಸಲಿಟ್ಟು ಕಾಯುವ ಹುಲ್ಲುಗಾವಲು, ಕಾಡು. ಜಾಹಿಲಿಯ್ಯತಿನಲ್ಲಿ ಬಲಾಢ್ಯರು ಒಳ್ಳೆಯ ನೆಲವನ್ನು ತಮಗಾಗಿ ಬೇಲಿ ಹಾಕಿಕೊಳ್ಳುತ್ತಿದ್ದರು. ಹಿಮಾ ಅಲ್ಲಾಹನಿಗೂ ಅವನ ಸಂದೇಶವಾಹಕರಿಗೂ ಮಾತ್ರವೆಂದು ಹೇಳಿ ಪ್ರವಾದಿವರ್ಯರು(ಸ) ಅದನ್ನು ಸಾರ್ವಜನಿಕಗೊಳಿಸಿದರು. ಉಮರ್(ರ) ತಮ್ಮ ಆಡಳಿತದಲ್ಲಿ ಹಿಮಾದ ಕಾವಲುಗಾರನಿಗೆ ಕೊಟ್ಟ ಆದೇಶ ಬುಖಾರಿಯಲ್ಲಿದೆ. ಕೆಲವೇ ಒಂಟೆ, ಕೆಲವೇ ಕುರಿಗಳ ಬಡವನನ್ನು ಒಳಗೆ ಬಿಡು; ಉಸ್ಮಾನ್ ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್‌ರಂತಹ ಸಿರಿವಂತರ ಹಿಂಡುಗಳನ್ನು ಬಿಡಬೇಡ, ಅವರ ಹಿಂಡು ಸತ್ತರೂ ಅವರಿಗೆ ಹೊಲ ತೋಟಗಳಿವೆ ಎಂಬುದು ಅದರ ಸಾರ. ಬೆಟ್ಟ ಕಾಯುವ ಹೆಸರಿನಲ್ಲಿ ನಾಲ್ಕು ಆಡು ಮೇಯಿಸುವ ಮುದುಕಿಯನ್ನು ಓಡಿಸಿ, ಲಾರಿಗಟ್ಟಲೆ ಕಲ್ಲು ಸಾಗಿಸುವವನಿಗೆ ದಾರಿ ಬಿಡುವ ನಮ್ಮ ಕಾಲದವರು ಈ ಆದೇಶವನ್ನು ಎರಡು ಸಲ ಓದಬೇಕು.

ಮಾಡಬಹುದಾದ ಕೆಲಸ

ಓದುಗರೇ, ನಿಮಗೆ ಬೆಟ್ಟದ ತಪ್ಪಲಿನಲ್ಲಿ ಜಮೀನಿಲ್ಲದಿರಬಹುದು. ಆದರೆ ಮಸೀದಿಯಿದೆ. 2000 ಚದರ ಅಡಿಯ ಮಸೀದಿಯ ಮಾಳಿಗೆಯ ಮೇಲೆ ವರ್ಷಕ್ಕೆ ಒಂದೂವರೆ ಲಕ್ಷ ಲೀಟರಿನಷ್ಟು ಮಳೆ ಬೀಳುತ್ತದೆ. ಅದನ್ನು ಚರಂಡಿಗೆ ಬಿಡದೆ ನೆಲಕ್ಕಿಳಿಸುವುದು ಕಷ್ಟವಲ್ಲ. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ, ಅಂದರೆ ಹೆಚ್ಚುಕಡಿಮೆ ಒಂದು ಲೀಟರಿನೊಳಗೆ, ವುಝೂ ಮುಗಿಸುತ್ತಿದ್ದರು. ನಾವು ತೆರೆದ ನಲ್ಲಿಯಡಿ ತಲಾ ಐದು ಲೀಟರ್ ಸುರಿದರೆ 200 ಮಂದಿಯ ಒಂದು ಜುಮುಆಗೆ 1000 ಲೀಟರ್. ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿನಲ್ಲಿ ದುಂದು ಮಾಡಬಾರದೆಂದು ಸಅದ್(ರ)ರಿಗೆ ಹೇಳಿದ ಮಾತು, ನದಿಯೇ ಇಲ್ಲದ ನಮಗೆ ಎಷ್ಟು ಸಲ್ಲುತ್ತದೆ! ವುಝೂವಿನ ನೀರನ್ನು ಕಬರಸ್ತಾನದ ಗಿಡಗಳಿಗೆ ತಿರುಗಿಸಿರಿ. ಅಲ್ಲಿ ಹೊಂಗೆ, ಬೇವು, ನೇರಳೆಗಳನ್ನು ನೆಡಿರಿ. ಊರಿನವರು ಕೆರೆಯ ಹೂಳೆತ್ತಲು ಹೊರಟರೆ ಮೊದಲ ಬುಟ್ಟಿ ನಮ್ಮದಿರಲಿ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದರೆ ಆರಿಸಲು ಹೋಗುವವರಲ್ಲಿ ನಮ್ಮ ಹುಡುಗರೂ ಇರಲಿ. ಮುಂಗಾರಿಗೆ ಮುಂಚಿನ ಒಂದು ಜುಮುಆದಲ್ಲಿ ಖತೀಬರು ನೀರಿನ ಹಕ್ಕಿನ ಬಗ್ಗೆ ಮಾತಾಡಲಿ.

ನಮ್ಮ ಎರಡು ಎಕರೆಯ ವಿಷಯ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಕಳೆದ ಬೇಸಿಗೆಯಲ್ಲಿ ಜೆಸಿಬಿ ತರಿಸಿ ನೀಲಗಿರಿಯ ಬುಡಗಳನ್ನು ಕೀಳಿಸಿದೆವು. ಅದಕ್ಕೆ ತಗುಲಿದ ಖರ್ಚಿಗೆ ಚಾಚಾ ಇಂದಿಗೂ ಗೊಣಗುತ್ತಾರೆ. ಮೇಲಿನ ಅಂಚಿನಲ್ಲಿ, ಬೆಟ್ಟದ ನೀರು ಇಳಿದು ಬರುವ ಕಡೆ, ಒಂದು ಕುಂಟೆ ತೋಡಿಸಿದೆವು. ಆ ಕುಂಟೆ ಅಜ್ಜಿಯ ಬಾವಿಗೆ ಹತ್ತಿರವಿರಲೆಂದು ಸ್ಥಳ ಆರಿಸಿದ್ದು ನಾನು. ಕೊಳವೆ ಬಾವಿ ಕೊರೆಸಲಿಲ್ಲ. ಮತ್ತೆ ರಾಗಿ ಹಾಕಿದ್ದೇವೆ. ಅಜ್ಜಿಯ ಮೊಮ್ಮಗನ ಬಳಿ ಹೋಗಿ ಅಬ್ಬಾರ ಪರವಾಗಿ ಕ್ಷಮೆ ಕೇಳಿದೆ. ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಕ್ಕು, “ನಾವೂ ಮೂರು ಬೋರ್ ಕೊರೆಸಿದ್ವಿ ಮೇಷ್ಟ್ರೆ, ಯಾರು ಯಾರ್ನ ಕ್ಷಮಿಸೋದು” ಎಂದ. ಇಬ್ಬರೂ ಸೇರಿ ಬಾವಿಯ ಹೂಳೆತ್ತುವ ಮಾತಾಯಿತು.

ಬಾವಿಗೆ ಇನ್ನೂ ನೀರು ಬಂದಿಲ್ಲ. ನೆಲದೊಳಗೆ ನಲವತ್ತು ವರ್ಷದ ಬರವಿದೆ. ಒಂದು ಮಳೆಗಾಲದಲ್ಲಿ ತುಂಬುವುದಲ್ಲ. ನಿಮ್ಮ ನೀರು ನೆಲದಾಳಕ್ಕೆ ಇಳಿದುಹೋದರೆ ಹರಿಯುವ ನೀರನ್ನು ನಿಮಗೆ ತಂದುಕೊಡುವವರು ಯಾರೆಂದು ಅಲ್ ಮುಲ್ಕ್ ಅಧ್ಯಾಯದ ಕೊನೆಯ ಸೂಕ್ತ ಕೇಳುತ್ತದೆ. ಪ್ರತಿ ರಾತ್ರಿ ಮಲಗುವ ಮುನ್ನ ಅದನ್ನು ಓದುವ ನಾವು ಉತ್ತರವನ್ನೂ ಕೊಡುತ್ತೇವೆ, ಅಲ್ಲಾಹನೇ ಎಂದು. ಆ ಉತ್ತರ ಸತ್ಯ. ಆದರೆ ಅವನು ತಂದುಕೊಟ್ಟದ್ದನ್ನು ಕಳೆದವರು ಯಾರೆಂದು ಅವನು ನಾಳೆ ಕೇಳಿದರೆ ಏನು ಹೇಳುವುದೆಂಬುದನ್ನು ನೀವೂ ಯೋಚಿಸಿ, ನಾನೂ ಯೋಚಿಸುತ್ತೇನೆ. ಮುಂದಿನ ವುಝೂವಿಗೆ ನಲ್ಲಿ ತಿರುಗಿಸುವಾಗ ಈ ಮಾತು ನೆನಪಾದರೆ ಸಾಕು. ಅಲ್ಲಾಹನು ನಮ್ಮೆಲ್ಲರನ್ನು ಅಮಾನತನ್ನು ಕಾಯುವವರ ಸಾಲಿನಲ್ಲಿ ಸೇರಿಸಲಿ. ಆಮೀನ್.